ಬೆರಳಗಲ

ಡಾಕ್ಟರಮ್ಮ ಚೀಟಿಯ ಹಿಂಬದಿಗೆ ಗೆರೆ ಎಳೆದರು:
ಇದು ಎದೆಮೂಳೆ, ಇದು ಹೃದಯ,
ನಡುವೆ ಏನೂ ಇರಬಾರದಿತ್ತು.
ಇದೆ.
ಇಪ್ಪತ್ತೆರಡು ವರ್ಷದ ಹಿಂದೆ ಹೊಲಿದು ಮುಚ್ಚಿದ ಮೇಲೆ
ಗಾಯ ತನ್ನ ಪಾಡಿಗೆ ತಾನು ನೇಯುತ್ತ ಹೋಗಿ
ಒಂದನ್ನೊಂದಕ್ಕೆ ಅಂಟಿಸಿಬಿಟ್ಟಿದೆ.
"ಗರಗಸ ಇಡೋ ಜಾಗದ ಹಿಂದೇನೇ ಹೃದಯ ಇದೆ, ಮುನಿರತ್ನ.
ಮೊದಲು ಬಿಡಿಸಬೇಕು. ಕವಾಟದ ಕೆಲಸ ಆಮೇಲೆ."

ಅರ್ಥವಾಯಿತು ಅಂದೆ.
ಅವರು ನಂಬಲಿಲ್ಲ.

ಶಿಡ್ಲಘಟ್ಟದವಳಿಗೆ ಅಂಟಿನ ಪಾಠ
ಯಾರೂ ಹೇಳಿಕೊಡಬೇಕಿಲ್ಲ.
ಹದಿನಾರು ವರ್ಷ ಅತಾವುಲ್ಲಾ ಸಾಬರ ಬೇಸಿನ್ ಮುಂದೆ ಕೂತಿದ್ದೇನೆ.
ಬಿಸಿನೀರಲ್ಲಿ ಗೂಡು ಮೆತ್ತಗಾಗಿ
ತಾನಾಗಿ ತುದಿ ಕೊಡುವ ತನಕ ಕಾದ ಬೆರಳು ಇವು.
ನೋಡಿ, ಗೆರೆಗಳೇ ಇಲ್ಲ.
ರೇಷನ್ ಅಂಗಡಿಯ ಮೆಷಿನ್ನು
ನಾನು ನಾನಲ್ಲ ಅನ್ನುತ್ತದೆ.

ಒಂಟಿ ಗೂಡಿನ ಮಾತು ಸುಲಭ.
ಕಷ್ಟ, ಜೋಡಿಗೂಡು:
ಎರಡು ಹುಳು ಒಂದೇ ಸಂದಿಯಲ್ಲಿ ಕೂತು
ಒಂದರ ಎಳೆಯೊಳಗೆ ಇನ್ನೊಂದು ತೂರಿಸಿ ಕಟ್ಟಿದ್ದು.
ಯಾರ ತುದಿ ಯಾರದೋ.
ಎಳೆದರೆ ಹರಿಯುತ್ತದೆ,
ಬಿಟ್ಟರೆ ಬಿಡುವುದಿಲ್ಲ.
ಮಾರ್ಕೆಟ್ಟಿನಲ್ಲಿ ಅದಕ್ಕೆ ಬೇರೆ ಗುಡ್ಡೆ,
ರೇಟು ಕೇಳುವವರೂ ಕಮ್ಮಿ.

ಹುಳಕ್ಕೆ ಕೋಪವಿಲ್ಲ, ಹಟವಿಲ್ಲ.
ಕಟ್ಟುವುದೊಂದೇ ಗೊತ್ತು ಅದಕ್ಕೆ.
ಗಾಯಕ್ಕೂ ಹಾಗೇ ಇರಬೇಕು:
ವಾಸಿಮಾಡುತ್ತಿದ್ದೇನೆ ಅಂದುಕೊಂಡೇ
ನನ್ನ ಗುಂಡಿಗೆಯನ್ನು ಮೂಳೆಗೆ ಬಿಗಿದಿದೆ.

ಒಂಬತ್ತು ಗಂಟೆ ಹಿಡಿಯಿತಂತೆ.
ಅದರಲ್ಲಿ ನಾಲ್ಕು ಬರೀ ಬಿಡಿಸುವುದಕ್ಕೆ,
ಎಳೆ ಎಳೆಯಾಗಿ.
ಹೊರಗೆ ಬೆಂಚಿನ ಮೇಲೆ ನನ್ನ ತಮ್ಮ ಪಿಳ್ಳಪ್ಪ
ಮೂರು ಸಲ ಟೀ ತಂದು
ಮೂರು ಸಲವೂ ಆರಿಸಿ ಚೆಲ್ಲಿದನಂತೆ.

ನಾಲ್ಕನೇ ದಿನ ಕೇಳಿದೆ:
ಮತ್ತೆ ಅಂಟಿಕೊಂಡರೆ?

"ಈ ಸಲ ಕಟ್ಟಿದ ರಕ್ತ ಎಲ್ಲ ತೊಳೆದು ತೆಗೆದಿದ್ದೀವಿ.
ನಡುವೆ ಒಂದು ಹಾಳೆ ಇಟ್ಟು ಮುಚ್ಚಿದ್ದೀವಿ,
ಈರುಳ್ಳಿ ಪೊರೆಯಷ್ಟು ತೆಳ್ಳಗೆ.
ಗಾಯ ಮಾಯೋವರೆಗೂ ಇದ್ದು
ಆಮೇಲೆ ತಾನೂ ಕರಗಿಹೋಗುತ್ತೆ."

ಖಂಡಿತವಾ?

ಡಾಕ್ಟರಮ್ಮ ಸಮಾಧಾನಕ್ಕೆ ಸುಳ್ಳು ಹೇಳುವವರಲ್ಲ.
"ಅಂಟೋದೇ ಇಲ್ಲ ಅನ್ನಲಾರೆ. ಕಮ್ಮಿ ಅಂಟುತ್ತೆ ಅಂತ ನಂಬಿಕೆ.
ಮುಂದೆಂದಾದರೂ ತೆರೆಯಬೇಕಾಗಿ ಬಂದರೆ
ಆ ಕೈಗೆ ದಾರಿ ಇರಲಿ ಅಂತ."

ಆ ಕೈ ಯಾರದೋ.
ಈಗಿನ್ನೂ ಎಲ್ಲೋ ಸ್ಲೇಟು ಹಿಡಿದು
ಮೂರರ ಮಗ್ಗಿ ತಪ್ಪುತ್ತಿರಬಹುದು.
ಅದಕ್ಕೆಂದು ಇವತ್ತೇ
ನನ್ನೊಳಗೆ ಇಷ್ಟು ಜಾಗ ಬಿಟ್ಟಿದ್ದಾರೆ.

ಆ ರಾತ್ರಿ ನಿದ್ದೆ ಮಾತ್ರೆಯ ಮಬ್ಬಿನಲ್ಲಿ ಅಮ್ಮ ಬಂದಳು.
ಹಣ್ಣಾದ ಹುಳು ಚಂದ್ರಿಕೆಗೆ ಬಿಡುವ ಹೊತ್ತು.
ನಾನು ಆಟಕ್ಕೆ ಓಡುವ ಆತುರದಲ್ಲಿ
ಹಿಡಿಹಿಡಿಯಾಗಿ ಸುರಿದರೆ
ಮೊಣಕೈಗೆ ಒಂದು ಕೊಟ್ಟು ಅನ್ನುತ್ತಿದ್ದಳು:
"ಬೆರಳಗಲ ಬಿಡೇ.
ಬಿಡಿಸೋ ಕೆಲಸ ಕಟ್ಟೋಕೆ ಮುಂಚೆನೇ ಮಾಡು.
ಆಮೇಲೆ ಯಾವ ನೀರು ಕಾಯಿಸಿದರೂ ಅಷ್ಟೇ."

ಬೆರಳಗಲ.
ಇಷ್ಟು ವರ್ಷ ಅದನ್ನು
ಹುಳದ ಮಾತು ಅಂದುಕೊಂಡಿದ್ದೆ.

ಈಗ ಮನೆಯಲ್ಲಿದ್ದೇನೆ.
ಕೆಮ್ಮು ಬಂದರೆ ದಿಂಬು ಅಪ್ಪಿಕೊಳ್ಳುತ್ತೇನೆ.
ಪಕ್ಕದ ಶೆಡ್ಡಿನಿಂದ ಚರಕದ ಸದ್ದು,
ಬೆಂದ ಗೂಡಿನ ನಾತ.
ನೋಡಲು ಬಂದ ಸಾಬರು ದಾಳಿಂಬೆ ಇಟ್ಟು
"ಬೇಸಿನ್ ನಿನ್ನದೇ, ಅವಸರ ಇಲ್ಲ" ಅಂದು ಹೋದರು.

ಹಾಳೆ ಯಾವತ್ತು ಕರಗುತ್ತೆ ಅಂತ
ನಮಗೆ ಗೊತ್ತೇ ಆಗುವುದಿಲ್ಲವಂತೆ.
ನೋವಿಲ್ಲ, ಗುರುತಿಲ್ಲ.
ಆ ದಿನ ನಾನು ಬಹುಶಃ
ಸಂತೆಯಲ್ಲಿ ನಿಂತು
ಕೊತ್ತಂಬರಿ ಕಟ್ಟಿಗೆ
ಎರಡು ರೂಪಾಯಿ ಚೌಕಾಸಿ ಮಾಡುತ್ತಿರುತ್ತೇನೆ.